ಕಾಶವ್ವನ ಹೆಸರಿಗೆ ವರ್ಗವಾದ ನೋವು

ಖಾನಾಪುರದ ನದೀತಟ ಸಾರ್ವಜನಿಕ ಆಸ್ಪತ್ರೆಯಲ್ಲಿ ಅತೃಪ್ತ ರೋಗಿ ಎಂಬುವರು ಯಾರೂ ಇಲ್ಲ. ಇದು ಹರಟೆಕಟ್ಟೆಯ ಮೇಲೆ ಹುಟ್ಟಿದ ಮಾತಲ್ಲ. ಬೆಳಗಾವಿಯ ವಿಭಾಗೀಯ ತೃಪ್ತಿ ಕೋಶದವರು ಖುದ್ದಾಗಿ ಬಂದು, ವಾರ್ಡು ಸುತ್ತಿ, ಚಹಾ ಕುಡಿದು, ಮೊಹರು ಒತ್ತಿ ದೃಢಪಡಿಸಿದ ಸತ್ಯ. ಹೆಬ್ಬಾಗಿಲ ಬಳಿ ಈ ಬಗ್ಗೆ ಹಿತ್ತಾಳೆಯ ಫಲಕವನ್ನೂ ಹಾಕಲಾಗಿದೆ. ಫಲಕಕ್ಕಾಗಿ ಗೋಡೆ ಕೊರೆಯುವಾಗ ನೀರಿನ ಪೈಪು ಒಡೆದು ಹೆಂಗಸರ ವಾರ್ಡಿಗೆ ನೀರು ಬರುವುದು ನಿಂತಿದ್ದು ಹೌದು. ಆದರೆ ಅದರಿಂದ ಯಾರ ತೃಪ್ತಿಗೂ ಧಕ್ಕೆ ಬಂದ ಬಗ್ಗೆ ವರದಿಯಿಲ್ಲ.

ಈ ಸಾಧನೆಯಲ್ಲಿ ಪಾರಿಶ್ವಾಡದ ಕಾಶವ್ವನ ಪಾಲು ದೊಡ್ಡದು. ಪಾಪ, ಅವಳಿಗೆ ಸಾಧನೆಗೀಧನೆ ಏನೂ ಬೇಕಾಗಿರಲಿಲ್ಲ. ಗಂಡ ತಮ್ಮಣ್ಣನ ಹರ್ನಿಯಾ ಆಪರೇಶನ್ ಆಗಬೇಕು, ಆಮೇಲೆ ಇಬ್ಬರೂ ಕೂಡಿ ಊರ ಬಸ್ಸು ಹತ್ತಬೇಕು, ಇಷ್ಟೇ ಅವಳ ಅಪೇಕ್ಷೆ.

ತಮ್ಮಣ್ಣ ರೈಸ್ ಮಿಲ್ಲಿನಲ್ಲಿ ಭತ್ತದ ಚೀಲ ಎತ್ತುವಾಗ ತೊಡೆಸಂದಿಯಲ್ಲಿ ಏನೋ ಸರಕ್ಕನೆ ಜಾರಿತ್ತು. ನಿಂಬೆಹಣ್ಣಿನಷ್ಟಿದ್ದ ಗಂಟು ದಸರೆ ಕಳೆಯುವಷ್ಟರಲ್ಲಿ ಮೋಸಂಬಿಯಷ್ಟಾಯಿತು. ಊರಿನ ಡಾಕ್ಟರು ಒತ್ತಿ ನೋಡಿ, "ಒಳಗಿನ ಕರಳು ಹೊರಗ ಬಂದೈತಿ ಕಾಶವ್ವಾ. ಅಲ್ಲೇ ಸಿಕ್ಕೊಂಡ್ರ ಜೀವಕ್ಕ ಬರತೈತಿ. ಲಗೂನ ಸರಕಾರಿ ದವಾಖಾನಿಗೆ ಕರಕೊಂಡ ಹೋಗು," ಎಂದು ಹೇಳಿದ್ದರು. ಕಾಶವ್ವ ಅದೇ ದಿನ ಎಮ್ಮೆಯನ್ನು ಬಾಜೂ ಮನೆಯವರಿಗೆ ಒಪ್ಪಿಸಿ, ರೊಟ್ಟಿ ಗಂಟು ಕಟ್ಟಿಕೊಂಡು, ಗಂಡನನ್ನು ಖಾನಾಪುರಕ್ಕೆ ತಂದು ಸೇರಿಸಿದಳು.

ಆದರೆ ತಮ್ಮಣ್ಣನಿಗೆ ಹರ್ನಿಯಾಕ್ಕಿಂತ ಹಳೆಯ ರೋಗವೊಂದಿತ್ತು. ಅದರ ಹೆಸರು ಮರ್ಯಾದೆ. ನಮ್ಮ ಕಡೆ ಯಾರಾದರೂ "ಆರಾಮ?" ಎಂದರೆ "ಆರಾಮ" ಎನ್ನಬೇಕು. ಮೈ ಕಾದ ಹಂಚಾಗಿರಲಿ, ಬಣವೆಗೆ ಬೆಂಕಿ ಬಿದ್ದಿರಲಿ, ಮೊದಲು "ಆರಾಮ", ಆಮೇಲೆ "ಬರ್ರಿ, ಕುಂದರ್ರಿ", ಆಮೇಲೆ ಚಹಾ. ಬಸಿ ಕೆಳಗಿಟ್ಟ ಮೇಲೆ ಸಾವಕಾಶ, "ಬಣವಿಗೆ ಬೆಂಕಿ ಬಿದ್ದೈತ್ರಿ." ಕೇಳುವವರಿಗೂ ಇದು ಗೊತ್ತು, ಅವರೂ ಚಹಾ ಮುಗಿಯುವ ತನಕ ಕಾಯುತ್ತಾರೆ. ಸರಕಾರಿ ಡಾಕ್ಟರಿಗೆ ಅಷ್ಟು ವ್ಯವಧಾನ ಎಲ್ಲಿಂದ ತರಬೇಕು?

ಸೇರಿದ ಮರುದಿನ ಸರ್ಜನ್ ಡಾಕ್ಟರ್ ಅವಧೂತ ರೌಂಡಿಗೆ ಬಂದರು. ಕೆಟ್ಟ ಮನುಷ್ಯರಲ್ಲ. ಕೈಗುಣ ಚಲೋ ಎಂದು ಎಲ್ಲರೂ ಅನ್ನುತ್ತಿದ್ದರು. ಅವಸರ ಮಾತ್ರ ಭಾಳ.

"ಏನ್ ತಮ್ಮಣ್ಣಾರ, ಆರಾಮ?"

ಮಲಗಿದ್ದ ತಮ್ಮಣ್ಣ ಹಲ್ಲು ಕಚ್ಚಿಕೊಂಡು ಎದ್ದು ಕೂತ. ಡಾಕ್ಟರು ನಿಂತಿರುವಾಗ ತಾನು ಕಾಲು ಚಾಚಿ ಬಿದ್ದುಕೊಳ್ಳುವುದು ಅವನಿಗೆ ಸರಿ ಕಾಣಲಿಲ್ಲ. ಕೈ ಜೋಡಿಸಿ, "ಆರಾಮ್ರೀ ಸಾಹೇಬ್ರ. ನೀವು ಆರಾಮ ಅದೀರಿಲ್ರಿ?" ಎಂದ.

"ನಾನೂ ಆರಾಮ," ಎಂದು ಡಾಕ್ಟರು ಮುಂದಿನ ಹಾಸಿಗೆಗೆ ಹೋಗಿಬಿಟ್ಟರು. ಹಿಂದೆ ಬರುತ್ತಿದ್ದ ನರ್ಸು ಪ್ರಮಿಳಾ ಸಿಸ್ಟರು ಹಾಸಿಗೆಯ ಕಾಗದದ ಮೇಲೆ 'ರೋಗಿ ಆರಾಮ' ಎಂದು ಬರೆದರು.

ಕಾಶವ್ವನಿಗೆ ಮೈಯೆಲ್ಲ ಉರಿಯಿತು. "ಏನ್ ಮನಷ್ಯಾರ ಅದೀರಿ ನೀವು? ಬೆಳತನಕಾ 'ಯವ್ವಾ ಸತ್ತೆ' ಅಂತ ನನ್ನ ಕೈ ಹಿಂಡೀರಿ. ಈಗ ಆರಾಮ ಅಂತೀರಿ?"

"ಏ ಹುಚ್ಚಿ, ಅಷ್ಟ ದೊಡ್ಡ ಮನಷ್ಯಾ ತಾನಾಗಿ ಬಂದು ಕೇಳ್ಯಾನ. ಮಾರಿ ಮ್ಯಾಲ ಹೊಡದಂಗ 'ಇಲ್ಲ' ಅನ್ನಾಕ ಬರತೈತೇನ? ಒಂದೀಟ ಕುಂತಿದ್ರ ಆಮ್ಯಾಲ ಹೇಳ್ತಿದ್ನಿ. ಅವ್ರು ಕುಂದರಲೇ ಇಲ್ಲ."

"ಕುಂದರಾಕ ಅವ್ರೇನ್ ನಿಮ್ಮ ಬೀಗರೇನ್ರಿ?"

ದಿನವೂ ಡಾಕ್ಟರು ಕೇಳಿದರು, ದಿನವೂ ತಮ್ಮಣ್ಣ ಎದ್ದು ಕೂತು ಅದೇ ಉತ್ತರ ಕೊಟ್ಟ. ಕಾಶವ್ವ ನಡುವೆ ಬಾಯಿ ಹಾಕಿದರೆ ಡಾಕ್ಟರು, "ರೋಗಿನ್ನ ಮಾತಾಡಾಕ ಬಿಡ್ರಿ ಅವ್ವಾರ," ಎನ್ನುತ್ತಿದ್ದರು.

ಇಂಥ ಹೊತ್ತಿನಲ್ಲಿ ಶಶಿಧರ ಬಂದ. ಬೆಳಗಾವಿಯ ಅನಗೋಳದವನು, ದಿನವೂ ಬೆಳಗಿನ ಗಾಡಿಗೆ ಖಾನಾಪುರಕ್ಕೆ ಬಂದು ಹೋಗುವವನು. ಕೊರಳಲ್ಲಿ ತೂಗುವ ಗುರುತಿನ ಚೀಟಿಯ ಮೇಲೆ 'ತೃಪ್ತಿ ಸಮನ್ವಯಾಧಿಕಾರಿ' ಎಂದಿತ್ತು. ಅವನದು ಗುತ್ತಿಗೆ ನೌಕರಿ. ವರ್ಷಕ್ಕೊಮ್ಮೆ ರೋಗಿಗಳ ತೃಪ್ತಿ ನೋಡಿ ಮುಂದುವರಿಸುತ್ತಿದ್ದರು. ಹೀಗಾಗಿ ಆ ಆಸ್ಪತ್ರೆಯ ಯಾವ ರೋಗಿಯ ಮುಖದಲ್ಲೂ ಇಲ್ಲದ ಕಳವಳ ಅವನ ಮುಖದ ಮೇಲಿತ್ತು. ಅದೇ ವರ್ಷ ತೃಪ್ತಿ ಕೋಶದವರು ಹೊಸ ಪ್ರಶಸ್ತಿಯೊಂದನ್ನು ಘೋಷಿಸಿದ್ದರು. ಅತಿ ಹೆಚ್ಚು ತೃಪ್ತಿ ತೋರಿಸಿದ ಆಸ್ಪತ್ರೆಗೆ 'ತೃಪ್ತಿ ಕಲಶ', ಅದರ ಜೊತೆ ಹೊಸ ಜೀಪು, ಮುಖ್ಯ ವೈದ್ಯಾಧಿಕಾರಿಗಳ ಕೋಣೆಗೆ ಏಸಿ.

ಶಶಿಧರ ಟ್ಯಾಬು ಹಿಡಿದು ತಮ್ಮಣ್ಣನ ಹಾಸಿಗೆಗೆ ಬಂದ.

"ಕಾಕಾ, ದವಾಖಾನಿ ಊಟ ಹೆಂಗೈತಿ?"

"ಭಾಳ ಚಲೋ ಐತ್ರಿ," ಎಂದ ತಮ್ಮಣ್ಣ. ಆಸ್ಪತ್ರೆಯ ಊಟವನ್ನು ಅವನು ಇನ್ನೂ ನೋಡಿರಲಿಲ್ಲ. ಕಾಶವ್ವನ ರೊಟ್ಟಿಯ ಮೇಲೆ ಬದುಕಿದ್ದ.

"ಹಾಸಗಿ?"

"ಮೆತ್ತಗೈತ್ರಿ."

"ಡಾಕ್ಟರು, ಸಿಸ್ಟರ ಎಲ್ಲಾ ಚಲೋ ನೋಡ್ಕೋತಾರಿಲ್ಲೊ?"

"ದೇವರಂಥಾವ್ರ ಅದಾರ್ರಿ. ದಿನಾ ಬಂದು ಆರಾಮ ಅಂತ ಕೇಳ್ತಾರ. ನಮ್ಮ ಅಣತಮ್ಮಂದಿರು ಸೈತ ಕೇಳೂದಿಲ್ಲ."

"ಆಪರೇಶನ್ ಹೆಂಗಾತ್ರಿ?"

ತಮ್ಮಣ್ಣ ಒಂದು ಕ್ಷಣ ತಬ್ಬಿಬ್ಬಾದ. ಆಗಿಲ್ಲ ಎಂದರೆ ದೂರು ಹೇಳಿದ ಹಾಗಾಗುತ್ತದೆ. ಕೇಳುವವನು ಬೇರೆ ಸಣ್ಣ ವಯಸ್ಸಿನವನು, ಬೆಳಿಗ್ಗೆಯಿಂದ ನಿಂತುಕೊಂಡೇ ಇದ್ದಾನೆ. "ಅದೂ ಚಲೋನ ಆಗಿರಬೇಕ್ರಿ," ಎಂದ.

ಶಶಿಧರನ ಕಣ್ಣಲ್ಲಿ ಖರೇ ನೀರು ಬಂತು. ನೌಕರಿಗೆ ಸೇರಿದಂದಿನಿಂದ ಅವನು ಬೈಗಳನ್ನಷ್ಟೇ ತುಂಬಿಕೊಂಡು ಮನೆಗೆ ಹೋಗುತ್ತಿದ್ದ. ಇಡೀ ವಿಭಾಗದಲ್ಲಿ ಎಲ್ಲ ಪ್ರಶ್ನೆಗೂ ತೃಪ್ತಿ ತೋರಿಸಿದ ಮೊದಲ ರೋಗಿ ಈತನೇ. ಕಾಶವ್ವ, "ಏ ತಮ್ಮಾ, ಆಪರೇಶನ್ನ ಆಗಿಲ್ಲೋ!" ಎಂದು ಕೂಗಿದಳು. ಶಶಿಧರ ಅಕ್ಕರೆಯಿಂದ ಅವಳತ್ತ ನೋಡಿ, "ಕಾಕೂ, ಆಗದನ ಇಷ್ಟ ತೃಪ್ತಿ ಐತಿ ಅಂದ್ರ ಎಷ್ಟ ದೊಡ್ಡ ಮಾತು ನೋಡ್ರಿ," ಎಂದ.

ಬಾಜೂ ಹಾಸಿಗೆಯಲ್ಲಿ ಕಣಕುಂಬಿಯ ಸತ್ಯಪ್ಪ ಕಾಲು ಮುರಿದುಕೊಂಡು ಮಲಗಿದ್ದ. ಅವನು ಕೇಳಿದ್ದಕ್ಕೆ ಇದ್ದದ್ದನ್ನು ಇದ್ದ ಹಾಗೆ ಹೇಳಿದ. ಫ್ಯಾನು ತಿರುಗುವುದಿಲ್ಲ, ಪಾಯಖಾನೆಗೆ ಚಿಲಕವಿಲ್ಲ, ಕಾಲಿನ ಪಟ್ಟಿ ಬಿಚ್ಚಿ ನೋಡಿದವರಿಲ್ಲ. ಶಶಿಧರ ಸಿಟ್ಟು ಮಾಡಿಕೊಳ್ಳಲಿಲ್ಲ. 'ಹೆಚ್ಚಿನ ತೃಪ್ತಿಗಾಗಿ ಬೆಳಗಾವಿಗೆ ಕಳಿಸಿಕೊಡಲಾಗಿದೆ' ಎಂದು ಬರೆದ. ಮಧ್ಯಾಹ್ನ ಸತ್ಯಪ್ಪನನ್ನು ಅಂಬ್ಯುಲನ್ಸಿಗೆ ಹಾಕಿದರು.

ಬೆಳಗಾವಿಯ ದೊಡ್ಡ ದವಾಖಾನೆಯವರಿಗೂ ಕಲಶದ ಆಸೆ ಇಲ್ಲವೇ? ಅವರು ಸತ್ಯಪ್ಪನ ಮುಖ ನೋಡಿದರು, 'ಮೂಲ ಆಸ್ಪತ್ರೆಯಲ್ಲಿಯೇ ತೃಪ್ತಿ ಪಡೆಯತಕ್ಕದ್ದು' ಎಂದು ಬರೆದು ಅದೇ ಗಾಡಿಯಲ್ಲಿ ತಿರುಗಿ ಕಳಿಸಿದರು. ಖಾನಾಪುರದವರು ಮತ್ತೆ ಬೆಳಗಾವಿಗೆ ಕಳಿಸಿದರು. ಈ ಬಗ್ಗೆ ಸುತ್ತೋಲೆ ಸ್ಪಷ್ಟವಾಗಿತ್ತು: 'ರಸ್ತೆಯ ಮೇಲಿರುವ ರೋಗಿಯು ಯಾವ ಆಸ್ಪತ್ರೆಯ ಲೆಕ್ಕಕ್ಕೂ ಬರತಕ್ಕದ್ದಲ್ಲ.' ಹೀಗೆ ಎರಡೂ ಊರಿನ ಅತೃಪ್ತರೆಲ್ಲ ರಸ್ತೆಯ ಮೇಲಾಗಿ, ಎರಡೂ ಆಸ್ಪತ್ರೆಗಳು ನಿರ್ಮಲವಾದವು. ಸತ್ಯಪ್ಪನ ಹೆಂಡತಿ ಬಾಳವ್ವ ದೇಸೂರಿನ ರೈಲ್ವೆ ಗೇಟಿನ ಬಳಿ ನಿಂತು, ಗಾಡಿ ಹೋಗುವಾಗ ಬುತ್ತಿ ಕೊಟ್ಟು, ಬರುವಾಗ ಖಾಲಿ ಡಬ್ಬಿ ಇಸಿದುಕೊಳ್ಳುವ ರೂಢಿ ಮಾಡಿಕೊಂಡಳು. ಅಂಬ್ಯುಲನ್ಸಿನಲ್ಲೂ ಫ್ಯಾನಿರಲಿಲ್ಲ, ಆದರೆ ಗಾಳಿ ಚೆನ್ನಾಗಿ ಬರುತ್ತಿತ್ತು ಎಂದು ಸತ್ಯಪ್ಪನೇ ಒಪ್ಪಿಕೊಂಡಿದ್ದಾನೆ.

ತೃಪ್ತಿ ಕೋಶದವರ ಪರಿಶೀಲನೆಯ ದಿನ ಹತ್ತಿರವಾದಂತೆ ಆಸ್ಪತ್ರೆ ಸಜ್ಜಾಯಿತು. ಇದ್ದ ನರ್ಸುಗಳಲ್ಲಿ ಇಬ್ಬರನ್ನು ಸ್ವಾಗತದ ನಗೆಗೂ ಒಬ್ಬರನ್ನು ಬೀಳ್ಕೊಡುವ ನಗೆಗೂ ನೇಮಿಸಲಾಯಿತು. ಸೂಜಿ, ಸಲಾಯಿನ್, ಗಾಯ ತೊಳೆಯುವುದು ಎಲ್ಲ ಪ್ರಮಿಳಾ ಸಿಸ್ಟರ ಒಬ್ಬರ ತಲೆಗೆ ಬಂತು. ನಗುವವರಿಗೆ ತರಬೇತಿ ಕೊಡಿಸಿದ್ದರು. ಪ್ರಮಿಳಾ ಸಿಸ್ಟರಿಗೆ ನಗಲು ಪುರಸೊತ್ತಿರಲಿಲ್ಲವಾದ್ದರಿಂದ ನೋಟಿಸು ಕೊಟ್ಟರು. ಧ್ವನಿವರ್ಧಕದಲ್ಲಿ ದಿನವೂ ಪ್ರಕಟಣೆ ಬರುತ್ತಿತ್ತು.

"ರೋಗಿ ಬಾಂಧವರ ಗಮನಕ್ಕೆ. ತೃಪ್ತಿ ಪಾಕ್ಷಿಕದ ಅಂಗವಾಗಿ ವಾರ್ಡಿನೊಳಗೆ ನರಳುವುದನ್ನು ತಾತ್ಕಾಲಿಕವಾಗಿ ನಿಲ್ಲಿಸಲಾಗಿದೆ. ತುರ್ತಾಗಿ ನರಳಬೇಕಾದವರು ಹಿಂಬದಿಯ ಬಟ್ಟೆ ಒಣಗಿಸುವ ಜಾಗವನ್ನು ಉಪಯೋಗಿಸಿಕೊಳ್ಳತಕ್ಕದ್ದು. ತಮ್ಮ ಸಹಕಾರವೇ ನಮ್ಮ ಔಷಧ."

ಇದನ್ನೇ ಮರಾಠಿಯಲ್ಲೂ ಓದುತ್ತಿದ್ದರು. ಒಂದು ಭಾಷೆಯ ನರಳಾಟಕ್ಕೆ ಅನುಕೂಲವಾಗಿ ಇನ್ನೊಂದಕ್ಕೆ ಅನ್ಯಾಯವಾಯಿತು ಎಂಬ ಮಾತು ಬರಬಾರದು ನೋಡಿ.

ತಮ್ಮಣ್ಣನ ಗಂಟು ಮಾತ್ರ ಯಾವ ಪ್ರಕಟಣೆಗೂ ಕಿವಿಗೊಡಲಿಲ್ಲ. ಕೆಮ್ಮಿದರೆ ಜೀವ ಬಾಯಿಗೆ ಬರುತ್ತಿತ್ತು. ಕಾಶವ್ವ ಅವನ ಹೆಗಲಿಗೆ ಹೆಗಲು ಕೊಟ್ಟು ಬಟ್ಟೆ ಒಣಗಿಸುವ ಜಾಗಕ್ಕೆ ಕರೆದೊಯ್ದು, ಒದ್ದೆ ಚಾದರಗಳ ನಡುವೆ ನಿಲ್ಲಿಸಿ ನರಳಿಸಿಕೊಂಡು ಬರುತ್ತಿದ್ದಳು. ಒಂದು ದಿನ ಅವನು ಅಲ್ಲೇ ಕುಸಿದು ಕೂತುಬಿಟ್ಟ. ಕಾಶವ್ವನಿಗೆ ಭಯ ಹತ್ತಿತು. ಸೆರಗು ಸೊಂಟಕ್ಕೆ ಸಿಕ್ಕಿಸಿ ನೇರ ಡಾಕ್ಟರ್ ಅವಧೂತರ ಕೋಣೆಗೆ ನುಗ್ಗಿದಳು.

"ಸಾಹೇಬ್ರ, ಕಾಲ ಬೀಳ್ತೀನ್ರಿ, ಇವತ್ತ ಕೊಯ್ದ ಬಿಡ್ರಿ."

ಡಾಕ್ಟರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಅವ್ವಾರ, ನಾ ಯಾವತ್ತಿದ್ರೂ ತಯಾರದೀನ್ರಿ. ಆದ್ರ ಕಾಗದದಾಗ ದಿನಾ 'ಆರಾಮ' ಅಂತ ಬರದೈತಿ. ಆರಾಮ ಇದ್ದ ಮನಷ್ಯಾನ್ನ ಕೊಯ್ದ್ರ ನಾಳೆ ನನ್ನ ಮ್ಯಾಲ ಚೌಕಶಿ ಆಕ್ಕೈತಿ."

"ನೀವ ಬಂದು ಮುಟ್ಟಿ ನೋಡ್ರಿ. ಮೋಸಂಬಿ ಇದ್ದಂಗೈತಿ."

"ಮುಟ್ಟೀನ್ರಿ. ಗೊತ್ತೈತಿ ನನಗ." ಡಾಕ್ಟರು ತಲೆ ತಗ್ಗಿಸಿದರು. "ಇನ್ನೊಂದ ಐತ್ರಿ. ಮ್ಯಾಲಿಂದ ಆದೇಶ ಬಂದೈತಿ. ಆಪರೇಶನ್ ಆದ ಮ್ಯಾಲ ರೋಗಿಗೆ ಎರಡ ದಿನಾ ನೋವಿರತೈತಿ, ತೃಪ್ತಿ ಇಳಿತೈತಿ. ಅದಕ್ಕ ಪೂರ್ಣ ತೃಪ್ತರ ಆಪರೇಶನ್ ಮುಂದೂಡಬೇಕಂತ. ಮೊದಲ ನಿಮ್ಮ ಯಜಮಾನರು ಒಮ್ಮಿ ಬಾಯಿಬಿಟ್ಟು ನೋವೈತಿ ಅನ್ನಲಿ. ಪರಿಶೀಲನಾಕ್ಕ ಬರೂ ಬಾಯಾರ ಮುಂದ ಅಂದ್ರ ಇನ್ನೂ ಚಲೋ. ಅವ್ರು ಬರಕೊಂಡ್ರ ಯಾರೂ ಅಡ್ಡ ಬರೂದಿಲ್ಲ."

ಕಾಶವ್ವ ಆ ಹೊತ್ತಿನಿಂದ ಗಂಡನಿಗೆ ಪಾಠ ಸುರು ಮಾಡಿದಳು. ಸಾಲಿ ಹುಡುಗರಿಗೆ ಮಗ್ಗಿ ಹೇಳಿಸಿದ ಹಾಗೆ ಹೇಳಿಸಿದಳು. "ಬಾಯಾರು ಬಂದು ಆರಾಮ ಅಂತಾರ. ನೀವೇನ್ ಅನಬೇಕು?" "ಇಲ್ರಿ, ಭಾಳ ನೋವೈತ್ರಿ." "ಇನ್ನೊಮ್ಮೆ." "ಇಲ್ರಿ, ಭಾಳ ನೋವೈತ್ರಿ." ಮೊದಮೊದಲು ಅವನ ನಾಲಿಗೆ ತೊಡರುತ್ತಿತ್ತು. ದೂರಿನ ಮಾತು ಆಡಿ ರೂಢಿಯಿಲ್ಲದ ಬಾಯಿ. ಕಡೆಗೆ ಗಡಗಡ ಬರತೊಡಗಿತು. ಕಾಶವ್ವನಿಗೆ ಧೈರ್ಯ ಬಂತು.

ಪರಿಶೀಲನೆಗೆ ತೃಪ್ತಿ ಕೋಶದ ಮುಖ್ಯಸ್ಥೆ ಶುಭದಾ ಬಾಯಾರು ಬಂದರು. ಬೆಳಗಾವಿಯ ಹಳೆಯ ಮನೆತನದವರು, ಎರಡೂ ಭಾಷೆ ನೀರು ಕುಡಿದಷ್ಟು ಸಲೀಸು, ಮಾತು ಬೆಲ್ಲದಂಥದು. ಬಾಗಿಲಲ್ಲಿ ಇಬ್ಬರು ನರ್ಸುಗಳು ನಕ್ಕರು. ವಾರ್ಡಿನ ಹಾಸಿಗೆಗಳ ಮೇಲೆ ಹೊಸ ಚಾದರ ಹಾಸಿದ್ದರು. ಹೆಚ್ಚಿನ ಹಾಸಿಗೆಗಳು ಖಾಲಿ ಇದ್ದುದರಿಂದ ಚಾದರಗಳು ಬಹಳ ಚಂದ ಕಾಣುತ್ತಿದ್ದವು. ಬಾಯಾರು ನೇರ ತಮ್ಮಣ್ಣನ ಬಳಿಗೆ ಬಂದು, ಅವನ ಕೈ ಹಿಡಿದು, ಸ್ವಂತ ಕಾಕಾನನ್ನು ಮಾತಾಡಿಸಿದಂತೆ ಕೇಳಿದರು.

"ಬರಂ ಆಹೆ ನಾ, ಕಾಕಾ?"

ಕಾಶವ್ವ ಕಲಿಸಿದ್ದು ಕನ್ನಡದಲ್ಲಿ. 'ಆರಾಮ?' ಎಂಬ ಅದೇ ಪ್ರಶ್ನೆ ಬಂದಿದ್ದು ಮರಾಠಿಯಲ್ಲಿ. ಮೂವತ್ತು ವರ್ಷ ಖಾನಾಪುರದ ಸಂತೆ ತಿರುಗಿದ ತಮ್ಮಣ್ಣನಿಗೆ ಮರಾಠಿಯ ಮರ್ಯಾದೆಯೂ ಬಾಯಿಪಾಠವಿತ್ತು. ಯೋಚಿಸುವ ಮೊದಲೇ ಮಾತು ಹೊರಗೆ ಬಿತ್ತು.

"ಬರಂ ಆಹೆ, ಬಾಯಿಸಾಹೇಬ."

ಶಶಿಧರ ಚಪ್ಪಾಳೆ ತಟ್ಟಿದ. ಕಾಶವ್ವನಿಗೆ ಎದೆಗೆ ಒದ್ದಂತಾಯಿತು. ಆಮೇಲೆ ತಡೆಯಲಾಗಲಿಲ್ಲ. "ಸುಳ್ಳ ಐತ್ರಿ! ಎಲ್ಲಾ ಸುಳ್ಳ! ಇವ್ರಿಗೆ ಭಾಳ ನೋವೈತಿ. ನನ್ನ ಮುಂದ ಅಳ್ತಾರ, ನಿಮ್ಮ ಮುಂದ ನಗ್ತಾರ. ಏನ್ರೀ ಬಾಯಾರ, ನೀವೂ ಒಬ್ಬ ಹೆಣಮಗಳು, ನನ್ನ ಮಾತ ಕೇಳ್ರಿ!"

ಶುಭದಾ ಬಾಯಾರಿಗೆ ನಿಜವಾಗಿಯೂ ಕರುಳು ಚುರುಕ್ಕೆಂದಿತು. ಟ್ಯಾಬಿನಲ್ಲಿ ಮೇಲೆ ಕೆಳಗೆ ಬಹಳ ಹೊತ್ತು ಹುಡುಕಿದರು. "ಕಾಶವ್ವಾ, ನಿಮ್ಮ ಮಾತಿಗೆ ಇದರಾಗ ಕಾಲಂ ಇಲ್ಲ," ಎಂದರು. "ತೃಪ್ತಿ ರೋಗಿದು. ನೋವೂ ರೋಗಿದ ಇರಬೇಕು. ಬಾಜೂ ಕುಂತವ್ರ ನೋವು ತಗೋಳಾಕ ನಮಗ ಅಧಿಕಾರ ಇಲ್ಲ."

"ಹಂಗಾದ್ರ ನಾ ರೋಗಿ ಆದ್ರ?"

"ಆದ್ರ ತಗೋತೀವಿ. ಯಾಕಿಲ್ಲ?"

ಕಾಶವ್ವ ಅಲ್ಲಿ ನಿಲ್ಲಲಿಲ್ಲ. ಕೆಳಗಿಳಿದು ಹೋಗಿ ಹೊರರೋಗಿಗಳ ಪಾಳಿಯಲ್ಲಿ ನಿಂತು ತನ್ನ ಹೆಸರಿಗೆ ಕೇಸ್ ಪೇಪರ್ ಮಾಡಿಸಿದಳು. ಕಿಟಕಿಯ ಹಿಂದಿದ್ದವನು, "ಏನ್ ತ್ರಾಸ?" ಎಂದು ಕೇಳಿದ. "ಗಂಡಗ ಹರ್ನಿಯಾ ಐತಿ. ಅದ ನನಗ ತ್ರಾಸ," ಎಂದಳು. ಅವನು ತಲೆಯೆತ್ತದೆ 'ಹರ್ನಿಯಾ' ಎಂದು ಬರೆದು, ಅವಳ ಮಣಿಕಟ್ಟಿಗೆ ರೋಗಿಯ ಪಟ್ಟಿ ಕಟ್ಟಿದ. ಅವಳು ಅದನ್ನು ಹಿಡಿದು ಏದುಸಿರು ಬಿಡುತ್ತ ಮತ್ತೆ ಮೇಲೆ ಬಂದಳು. ನೋವು ಹೇಳಿದವರೆಲ್ಲ ರಸ್ತೆ ಪಾಲಾಗುವುದನ್ನು ಅವಳು ಕಣ್ಣಾರೆ ಕಂಡಿದ್ದಳು. ಅದಕ್ಕೆ ಒಂದೇ ಉಸಿರಿಗೆ ಹೇಳಿದಳು, "ನನಗ ಹರ್ನಿಯಾ ಐತ್ರಿ, ಭಾಳ ನೋವೈತ್ರಿ, ಎಲ್ಲಾರೂ ಭಾಳ ಚಲೋ ನೋಡ್ಕೊಂಡಾರ, ನನಗೇನೂ ಅಸಮಾಧಾನ ಇಲ್ರಿ."

ಶುಭದಾ ಬಾಯಾರ ಮುಖ ಅರಳಿತು. ಇಷ್ಟು ವರ್ಷದ ನೌಕರಿಯಲ್ಲಿ ನೋವಿದ್ದವರು ಬೈಯುತ್ತಿದ್ದರು, ಬೈಯದವರಿಗೆ ನೋವಿರುತ್ತಿರಲಿಲ್ಲ. ಎರಡೂ ಕೂಡಿದ್ದು ಇದೇ ಮೊದಲು. ಅಲ್ಲಿಯೇ 'ಸಂತೃಪ್ತ ನೋವು' ಎಂಬ ಹೊಸ ವರ್ಗ ತೆರೆದು, ತಮ್ಮಣ್ಣನ ಹಾಸಿಗೆಯ ನೋವನ್ನು ಕಾಶವ್ವನ ಹೆಸರಿಗೆ ವರ್ಗಾಯಿಸಿ ಆದೇಶ ಮಾಡಿದರು. ತೃಪ್ತಿಯು ಮೊದಲ ರೋಗಿಯ ಹೆಸರಿನಲ್ಲಿಯೇ ಮುಂದುವರಿಯತಕ್ಕದ್ದು ಎಂದು ಕೆಳಗೆ ಸೇರಿಸಿದರು. ಕಾಶವ್ವನ ಆಪರೇಶನ್ ಮಂಜೂರಾಯಿತು.

ಡಾಕ್ಟರ್ ಅವಧೂತ ಆದೇಶವನ್ನು ಎರಡು ಸಲ ಓದಿ, ಬಾಗಿಲು ಹಾಕಿ ಬಂದು ಕಾಶವ್ವನ ಮುಂದೆ ಕೂತರು. ಅವರು ರೋಗಿಯ ಮುಂದೆ ಕೂತಿದ್ದು ಅದೇ ಮೊದಲು.

"ನೋಡ್ರಿ ಕಾಶವ್ವಾರ. ನನಗ ಕಾಣೂದು ಟೇಬಲ್ ಮ್ಯಾಲಿನ ಮನಷ್ಯಾ. ಮ್ಯಾಲಿನವ್ರಿಗೆ ಕಾಣೂದು ಕಾಗದ. ಇಬ್ಬರೂ ನಮ್ಮ ನಮ್ಮ ಕಡೆ ನೋಡಿಕೋತ ಹೋದ್ರ ಯಾರಿಗೂ ತ್ರಾಸಿಲ್ಲ. ಆದ್ರ ಪಟ್ಟಿ ಕಟ್ಟಿಸಿಕೊಂಡವ್ರು ಆಪರೇಶನ್ ಥೇಟರ್ ಒಳಗ ಇರಾಕಬೇಕು. ಉಪಾಸನೂ ಇರಾಕಬೇಕು."

"ಇರ್ತೀನ್ರಿ. ಸೋಮವಾರ ಹಿಡದಂಗ ಆತು."

ಆಪರೇಶನ್ ದಿನ ಇಬ್ಬರನ್ನೂ ಒಳಗೆ ಒಯ್ದರು. ತಮ್ಮಣ್ಣ ಟೇಬಲ್ಲಿನ ಮೇಲೆ, ಕಾಶವ್ವ ಬಾಜೂ ಸ್ಟ್ರೆಚರಿನ ಮೇಲೆ. ಪ್ರಮಿಳಾ ಸಿಸ್ಟರು ಒಂದು ಸಲಾಯಿನ್ ದಾಖಲೆಗಾಗಿ ಕಾಶವ್ವನಿಗೂ ಒಂದು ರೋಗಕ್ಕಾಗಿ ತಮ್ಮಣ್ಣನಿಗೂ ಹಚ್ಚಿದರು. ಸೊಂಟದ ಕೆಳಗೆ ಜೋಮು ಹಿಡಿಸಿದ್ದರಿಂದ ತಮ್ಮಣ್ಣನಿಗೆ ಎಚ್ಚರವಿತ್ತು. ಕೊಯ್ಯುವವರಿಗೆ ಬೇಸರವಾಗಬಾರದೆಂದು ನಡುನಡುವೆ, "ಸಾವಕಾಶ ಮಾಡ್ರಿ ಸಾಹೇಬ್ರ, ನನಗೇನ್ ಅವಸರಿಲ್ಲ," ಎನ್ನುತ್ತಿದ್ದ. ಕತ್ತರಿಯ ಸಪ್ಪಳ ಕೇಳುತ್ತ ಕಾಶವ್ವ ಬಾಯಿಗೆ ಸೆರಗು ತುರುಕಿಕೊಂಡು ಅತ್ತಳು. ಅವಳಿಗೆ ದುಃಖವೋ ಸಂತೋಷವೋ ತಿಳಿಯಲಿಲ್ಲ. ಆಪರೇಶನ್ ಆಗುತ್ತಿದೆ ಎಂಬುದಂತೂ ಖರೇ ಇತ್ತು.

ಮರುದಿನ ಬೆಳಿಗ್ಗೆ ಶಶಿಧರ ಬಂದು ರೂಢಿಯಂತೆ, "ಕಾಕಾ, ಆರಾಮ?" ಎಂದ. ತಮ್ಮಣ್ಣ ಏಳಲು ಹೋದ, ಆಗಲಿಲ್ಲ. ಯಾಕೋ ಆ ಹೊತ್ತು ಅವನ ಮರ್ಯಾದೆಗೆ ಶಕ್ತಿ ಸಾಲಲಿಲ್ಲ.

"ಇಲ್ಲೋ ತಮ್ಮಾ. ಹೊಲಿಗಿ ಹಾಕಿದಲ್ಲೆ ಭಾಳ ನೋಯಾಕ ಹತ್ತೈತಿ."

ಶಶಿಧರನ ಮುಖ ಬೆಳ್ಳಗಾಯಿತು. ವಿಭಾಗದ ಏಕೈಕ ಪೂರ್ಣ ತೃಪ್ತನಿಗೆ ನೋವು! ಅದೂ ಆಪರೇಶನ್ನೇ ಆಗದವನಿಗೆ ಹೊಲಿಗೆಯ ನೋವು! ಜೀಪು, ಏಸಿ, ತನ್ನ ನೌಕರಿ ಎಲ್ಲವೂ ಕಣ್ಣ ಮುಂದೆ ತೇಲಿಹೋದವು. ಕೂಡಲೇ ಬೆಳಗಾವಿಗೆ ಫೋನು ಹಚ್ಚಿದ. ಶುಭದಾ ಬಾಯಾರು ಪೂರ್ತಿ ಕೇಳಿ, ಗದ್ಗದಿತರಾಗಿ ಹೇಳಿದರು, "ಅರೇ ಹುಚ್ಚಾ, ಹೆಂಡತಿ ಆಪರೇಶನ್ ಆದ್ರ ಗಂಡಗ ನೋಯೂದಿಲ್ಲೇನು? ಎಂಥಾ ಪ್ರೀತಿ ಅಂತೀನಿ! ದಾಂಪತ್ಯ ಸಹಾನುಭೂತಿ ಅಂತ ಬರಿ. ಕುಟುಂಬ ಸ್ನೇಹಿ ವಾತಾವರಣ ಅನ್ನೂದಕ್ಕ ಬ್ಯಾರೇನ ಅಂಕ ಅದಾವು."

ಹೀಗೆ ತಮ್ಮಣ್ಣ ಜನ್ಮದಲ್ಲಿ ಮೊದಲ ಸಲ ಸಾಹೇಬರ ಮುಂದೆ ಹೇಳಿದ ನೋವು ಪ್ರೀತಿಯಾಗಿ ಜಮಾ ಆಯಿತು. ನೋವಿನ ಗುಳಿಗೆ ಕಾಶವ್ವನ ಹೆಸರಿಗೇ ಬಂತು. ರೋಗಿ ನುಂಗುವುದನ್ನು ನರ್ಸು ಎದುರಿಗೆ ನಿಂತು ನೋಡಬೇಕೆಂಬ ನಿಯಮವಿತ್ತು. ಪ್ರಮಿಳಾ ಸಿಸ್ಟರು ಗುಳಿಗೆಯನ್ನು ಅವಳ ಅಂಗೈಯಲ್ಲಿಟ್ಟು, "ಮಳಿ ಬರಾಕತ್ತೈತೇನ ನೋಡ್ತೀನಿ," ಎಂದು ಕಿಟಕಿಯತ್ತ ತಿರುಗಿ ನಿಲ್ಲುತ್ತಿದ್ದರು. ಅಷ್ಟರಲ್ಲಿ ಅದು ತಮ್ಮಣ್ಣನ ಬಾಯಿ ಸೇರುತ್ತಿತ್ತು.

ಕಲಶ ಬಂತು. ಜೀಪು ಬಂತು, ಏಸಿ ಬಂತು, ಹಿತ್ತಾಳೆಯ ಫಲಕ ಬಂತು. ಶಶಿಧರನ ನೌಕರಿ ಮುಂದುವರಿಯಿತು. ಅವನು ಪೇಢೆ ಹಂಚಿದ. ತಮ್ಮಣ್ಣನ ಹೊಲಿಗೆಗಳನ್ನು ಪ್ರಮಿಳಾ ಸಿಸ್ಟರು ಬಿಚ್ಚಿ, ಕಾಶವ್ವನವು ಬಿಚ್ಚಿದವೆಂದು ಬರೆದರು. ಗುಣವಾದ ಗಾಯದ ಫೋಟೋ ಬೇಕಾಗಿತ್ತು. ಹೆಣ್ಣುಮಗಳ ಹೊಟ್ಟೆಯ ಫೋಟೋ ಸಭ್ಯತೆಯಲ್ಲವೆಂದು ಶಶಿಧರ ಅವಳ ಮುಖದ್ದೇ ತೆಗೆದುಕೊಂಡು ಊರೂರಿನ ಫೋನ್ ಗುಂಪುಗಳಿಗೆ ಕಳಿಸಿದ. ಮುಖವೂ ಚೆನ್ನಾಗಿ ಗುಣವಾದಂತೆ ಕಾಣುತ್ತಿತ್ತು.

ಕಾಶವ್ವ ಖುಷಿಯಿಂದ ಚಾದರ ಮಡಚಿ, ಗಂಟು ಕಟ್ಟಿ, ಗಂಡನಿಗೆ ಧೋತರ ಉಡಿಸಿ ನಿಲ್ಲಿಸಿದಳು. ಶಶಿಧರ ಬಿಡುಗಡೆಯ ಕಾಗದ ತಂದುಕೊಟ್ಟ. ಅದರಲ್ಲಿ ಒಂದೇ ಹೆಸರಿತ್ತು.

"ಇವ್ರದೆಲ್ಲೋ ತಮ್ಮಾ?"

"ಕಾಕೂ, ಬಿಡುಗಡಿ ನಿಮ್ಮದು. ಕಾಕಾರ ಆಪರೇಶನ್ ಇನ್ನಾ ಆಗಿಲ್ಲಲ್ಲ. ಚಿಕಿತ್ಸಾ ಆಗದವ್ರನ್ನ ಮನಿಗೆ ಕಳಿಸಿದ್ರ ನಿರ್ಲಕ್ಷ್ಯ ಆಕ್ಕೈತಿ. ನಮ್ಮ ದವಾಖಾನಿ ಅಂಥಾದ್ದಲ್ಲ."

"ಆಗಿಲ್ಲಂತಾನ! ಬಿಚ್ಚಿ ನೋಡೋ, ಗಾಯಾ ಕಾಣೂದಿಲ್ಲೇನ ನಿನ್ನ ಕಣ್ಣಿಗೆ?"

"ಕಾಣತೈತಿ ಕಾಕೂ. ಆದ್ರ ಅದು ನಿಮ್ಮದೈತಿ."

"ಹಂಗಾರ ಇವ್ರ ಆಪರೇಶನ್ ಯಾವಾಗ ಮಾಡ್ತೀರಿ?"

"ಅವ್ರು ಆರಾಮ ಅದಾರಲ್ಲ. ಆರಾಮ ಇದ್ದವ್ರಿಗೆ ಹೆಂಗ್ ಮಾಡೂದ್ರಿ?"

ಕಾಶವ್ವ ಗೋಡೆಗೆ ಒರಗಿ ನೆಲದ ಮೇಲೆ ಕುಕ್ಕರಿಸಿದಳು. ಡಾಕ್ಟರ್ ಅವಧೂತರ ಕಡೆ ನೋಡಿದಳು; ಅವರು ಕನ್ನಡಕ ಒರೆಸುತ್ತಿದ್ದರು. ಪ್ರಮಿಳಾ ಸಿಸ್ಟರ ಕಡೆ ನೋಡಿದಳು. ಕಿಟಕಿಯ ಹೊರಗೆ ಮಳೆಯ ಸುಳಿವೇ ಇಲ್ಲದಿದ್ದರೂ ಅವರು ಅತ್ತಲೇ ನೋಡುತ್ತಿದ್ದರು. ಮತ್ತೊಂದು ಕೇಸ್ ಪೇಪರ್ ಮಾಡಿಸೋಣವೆಂದರೆ ಇನ್ನು ಯಾರ ಹೆಸರಿಗೆ ಯಾರನ್ನು ವರ್ಗ ಮಾಡಬೇಕೆಂದು ಅವಳಿಗೆ ಹೊಳೆಯಲಿಲ್ಲ.

ಸಮಾಧಾನ ಹೇಳಿದವನು ತಮ್ಮಣ್ಣನೇ. ಗಂಟು ಹೋಗಿ ಅವನ ಮೈ ಹಗುರಾಗಿತ್ತು, ಆಸ್ಪತ್ರೆಯವರು ಹೊಸ ಕಂಬಳಿ ಕೊಟ್ಟಿದ್ದರು. ಬೇರೆ ಬೇರೆ ತಾಲೂಕಿನ ಆಸ್ಪತ್ರೆಯವರು ಅವನನ್ನು ನೋಡಿಹೋಗಲು ಬರತೊಡಗಿದ್ದರು. ಬರುವ ತಿಂಗಳು ಬೆಳಗಾವಿಯ ದೊಡ್ಡ ದವಾಖಾನೆಗೆ ಎರವಲು ಸೇವೆಯ ಮೇಲೆ ಹೋಗಬೇಕಾಗಿತ್ತು.

"ನೀ ಹೋಗ ಕಾಶಿ. ಎಮ್ಮಿ ದಾರಿ ನೋಡತಿರತೈತಿ. ಮಂದಿ ಅಷ್ಟ ದೂರದಿಂದ ಬಂದು ಆರಾಮ ಅಂತ ಕೇಳ್ತಾರ, ಅವ್ರನ್ನ ಬಿಟ್ಟು ನಾ ಬಂದ್ರ ಚಂದ ಕಾಣತೈತೇನ?"

"ನಾ ಒಬ್ಬಾಕಿ ಕೇಳಿದ್ರ ನಿಮಗ ಕೇಳಿಸೂದಿಲ್ಲಲ್ಲ," ಎಂದಳು ಕಾಶವ್ವ. ಕಣ್ಣು ಒರೆಸಿಕೊಂಡು, ಉಳಿದಿದ್ದ ರೊಟ್ಟಿಯನ್ನು ಅವನ ಹಾಸಿಗೆಯ ಮೇಲಿಟ್ಟು ಹೊರಟಳು. ಬಾಗಿಲಲ್ಲಿ ಬೀಳ್ಕೊಡುವ ನರ್ಸು ನಕ್ಕಳು.

ಪಾರಿಶ್ವಾಡದ ಬಸ್ಸು ಕಿಕ್ಕಿರಿದಿತ್ತು. ಒಳಗೆ ಕಾಲಿಡುತ್ತಲೇ ಓಣಿಯ ಲಕ್ಷ್ಮೀ ಅವಳನ್ನು ಗುರುತಿಸಿ, ಸೀಟಿನಲ್ಲಿದ್ದ ಗಂಡಸನ್ನು ತಟ್ಟಿ ಎಬ್ಬಿಸಿದಳು. "ಏಳೋ ಅಣ್ಣಾ, ಕಾಶವ್ವತ್ತಿದು ಆಪರೇಶನ್ ಆಗೇತಿ. ಫೋನಿನ್ಯಾಗ ಫೋಟೋ ಬಂದಿತ್ತು, ನೋಡಿಲ್ಲೇನ?" ಹಿಂದಿನವರು ಗಂಟು ಇಸಿದುಕೊಂಡರು, ಮುಂದಿನವರು ದಾರಿ ಬಿಟ್ಟರು. ಯಾರೋ ಎಳನೀರು ಕುಡಿಯಲು ಹೇಳಿದರು, ಯಾರೋ ಭಾರ ಎತ್ತಬೇಡವೆಂದರು.

ಆಪರೇಶನ್ ನನಗಲ್ಲವೆಂದು ಹೇಳಲು ಕಾಶವ್ವ ಬಾಯಿ ತೆರೆದಳು. ಹೇಳಲು ಹೋದರೆ ಮೊದಲಿಂದ ಹೇಳಬೇಕು. ದಣಿದಿದ್ದಳು. "ಹೌದವಾ, ಆತು," ಎಂದು ಕೂತಳು.

ಊರ ದಾರಿಯ ಉಬ್ಬಿನ ಮೇಲೆ ಬಸ್ಸು ಎತ್ತಿ ಒಗೆದಾಗ ತೊಡೆಸಂದಿಯಲ್ಲಿ ಚುಳ್ ಎಂದಿತು. ಕಾಶವ್ವ ಎರಡೂ ಕೈಯಿಂದ ಆ ಜಾಗ ಒತ್ತಿ ಹಿಡಿದುಕೊಂಡಳು.

"ಡ್ರೈವರಗ ಸಾವಕಾಶ ಹೊಡಿ ಅನ್ನು ಲಕ್ಷ್ಮೀ," ಎಂದಳು. "ಗಾಯಾ ಇನ್ನಾ ಹಸಿ ಐತಿ."